ಒಂದು ಚಲಚ್ಚಿತ್ರದ ವಾದ್ಯಮೇಳವೂ ಮೈಸೂರಿನ ಋಣಾನುಬಂಧವೂ

ನಮ್ಮ ತಾರ್ಕಿಕರು ಪಂಚಭೂತಗಳಲ್ಲಿ ಒಂದೊಂದಕ್ಕೂ ಒಂದೊಂದು ವಿಶೇಷಗುಣವನ್ನು ಹೇಳುವಾಗ ಆಕಾಶಕ್ಕೆ ಶಬ್ದವನ್ನು ಕೊಟ್ಟರು. ನಮ್ಮ ಮಾತನ್ನು ನಿಮ್ಮ ಮನೆಗೆ ಮುಟ್ಟಿಸುವ ಸಾಧನಕ್ಕೆ ಆಕಾಶವಾಣಿಯೆಂದು ಹೆಸರಿಟ್ಟವರ ಮನಸ್ಸಿನಲ್ಲಿಯೂ ಈ ಕಲ್ಪನೆಯೇ ಸುಳಿದಿರಬೇಕು. ಈಗಿನ ಭೌತಶಾಸ್ತ್ರವಾದರೋ ಇದಕ್ಕೆ ವಿರುದ್ಧವಾದ ಮಾತನ್ನು ಹೇಳುತ್ತದೆ. ಶಬ್ದವೆಂಬುದು ಗಾಳಿಯದೋ ನೀರಿನದೋ ಮತ್ತಾವುದೋ ದ್ರವ್ಯದ ಕಂಪನ. ದ್ರವ್ಯವಿಲ್ಲದ ಕಡೆ ಶಬ್ದವೂ ಇಲ್ಲ. ಭೂಮಿಯ ವಾಯುಮಂಡಲವನ್ನು ದಾಟಿ ಹೋದವನ ಪಕ್ಕದಲ್ಲಿ ಬೆಟ್ಟವೇ ಸಿಡಿದರೂ ಅವನ ಕಿವಿಗೆ ಏನೂ ಕೇಳಿಸದು.

ಹೀಗಿರುವಲ್ಲಿ, ಆಕಾಶಯಾನದ ಕಥೆಯನ್ನು ಚಲಚ್ಚಿತ್ರವಾಗಿ ತೋರಿಸಹೊರಟವನು ನೋಡುವವರ ಕಿವಿಗೆ ಏನನ್ನು ಕೊಡಬೇಕು? ಬಹುಮಂದಿ ಈ ಪ್ರಶ್ನೆಯ ಗೊಡವೆಗೇ ಹೋಗದೆ ಯಂತ್ರಗಳ ಮೊರೆತವನ್ನೂ ಸಿಡಿಲಿನಂಥ ಸ್ಫೋಟಗಳನ್ನೂ ಧಾರಾಳವಾಗಿ ತುಂಬಿದರು. ವಿಚಿತ್ರವಾದ ಲೋಕಕ್ಕೆ ವಿಚಿತ್ರವಾದ ವಾದ್ಯವೇ ಆಗಬೇಕೆಂದು ಕೆಲವರು ಬಗೆದರು. ೧೯೫೧ರಲ್ಲಿ ಬಂದ ‘ದಿ ಡೇ ದಿ ಅರ್ತ್ ಸ್ಟುಡ್ ಸ್ಟಿಲ್’ ಎಂಬ ಚಿತ್ರಕ್ಕೆ ಬರ್ನಾರ್ಡ್ ಹರ್ಮನ್ ಎಂಬಾತನು ತೆರೆಮಿನ್ ಎಂಬ ವಿದ್ಯುದ್ವಾದ್ಯವನ್ನು ಬಳಸಿದನು. ಅದನ್ನು ನುಡಿಸುವವನು ವಾದ್ಯವನ್ನು ಮುಟ್ಟುವುದೇ ಇಲ್ಲ, ಅದರ ಬಳಿ ಗಾಳಿಯಲ್ಲಿ ಕೈಯಾಡಿಸುತ್ತಾನೆ. ೧೯೫೬ರ ‘ಫರ್ಬಿಡನ್ ಪ್ಲಾನೆಟ್’ ಚಿತ್ರದಲ್ಲಿ ವಾದ್ಯಗಳೇ ಇಲ್ಲ. ಬ್ಯಾರನ್ ದಂಪತಿಗಳು ವಿದ್ಯುತ್ಸಲಕರಣೆಗಳಿಂದಲೇ ನಾದವನ್ನು ಹೊರಡಿಸಿದರು. ಚಿತ್ರದ ನಾಮಾವಳಿಯಲ್ಲಿ ಅದಕ್ಕೆ ಸಂಗೀತವೆಂಬ ಹೆಸರನ್ನು ಕೂಡ ಕೊಡದೆ ವಿದ್ಯುನ್ನಾದಗಳೆಂದಷ್ಟೇ ಕಾಣಿಸಿದರು. ಸಂಗೀತಗಾರರ ಹೆಸರಿನ ವಿಚಾರದಲ್ಲಿ ಚಲಚ್ಚಿತ್ರದವರ ಕೈ ಬಿಗಿಯೆಂಬುದಕ್ಕೆ ಇದೊಂದು ನಿದರ್ಶನ. ಇದಕ್ಕಿಂತ ದೊಡ್ಡದನ್ನು ಮುಂದೆ ಕಾಣುವೆವು.

ಈ ದಾರಿಗಳೆರಡನ್ನೂ ಬಿಟ್ಟ ಚಿತ್ರವೊಂದುಂಟು. ೧೯೬೮ರ ಏಪ್ರಿಲಿನಲ್ಲಿ ತೆರೆಗೆ ಬಂದ ‘೨೦೦೧: ಎ ಸ್ಪೇಸ್ ಒಡಿಸಿ’. ನಿರ್ದೇಶಕನು ಸ್ಟ್ಯಾನ್ಲಿ ಕುಬ್ರಿಕ್. ಕಥೆಯಲ್ಲಿ ಅವನ ಜೊತೆಗಾರನು ಸಿಂಹಳದಲ್ಲಿ ಬಹುಕಾಲ ನೆಲಸಿದ್ದ ಆರ್ಥರ್ ಕ್ಲಾರ್ಕ್. ವಾನರನು ಮೂಳೆಯೊಂದನ್ನು ಕೈಗೆತ್ತಿಕೊಂಡು ಆಯುಧವೆಂದು ಅರಿತ ಗಳಿಗೆಯಿಂದ ಮೊದಲುಮಾಡಿ, ಮಾನವನು ಗುರುಗ್ರಹದವರೆಗೆ ಹೋಗಿ ಅಲ್ಲಿ ಮತ್ತೇನೋ ಆಗಿ ಮರುಹುಟ್ಟು ಪಡೆಯುವವರೆಗೆ ಅದರ ಕಥೆ. ಮೊದಲ ಇಪ್ಪತ್ತೈದು ನಿಮಿಷಗಳಷ್ಟು ಕಾಲ ಒಬ್ಬರ ಬಾಯಿಂದಲೂ ಒಂದು ಮಾತಿಲ್ಲ. ಹೊರಗಿನ ಶೂನ್ಯವನ್ನು ತೋರಿಸುವಾಗ ಅಲ್ಲಿ ನಮಗೆ ಕೇಳುವುದು ಮೂರೇ: ಮುಸುಕಿನೊಳಗಿರುವ ಮನುಷ್ಯನ ಉಸಿರು, ಇಲ್ಲವೆ ಪೂರ್ತಿ ಮೌನ, ಇಲ್ಲವೆ ವಾದ್ಯಮೇಳ. ಆ ವಾದ್ಯಮೇಳವೂ ಮುಂದಿನ ಕಾಲದ್ದಲ್ಲ. ಬಾಹ್ಯಾಕಾಶದ ನಿಲ್ದಾಣವು ಚಕ್ರದಂತೆ ತಿರುಗುತ್ತಿರುವಾಗ ಕೇಳುವುದು ೧೮೬೭ರಲ್ಲಿ ವಿಯೆನ್ನಾ ನಗರದ ಯೋಹಾನ್ ಸ್ಟ್ರೌಸನು ನರ್ತನಕ್ಕೆಂದು ರಚಿಸಿದ ‘ನೀಲ ಡಾನ್ಯೂಬ್’. ಆರಂಭದ ಮಹಾಘೋಷವಾದರೋ ೧೮೯೬ರದು. ಅದನ್ನು ರಚಿಸಿದವನು ಜರ್ಮನಿಯ ರಿಚರ್ಡ್ ಸ್ಟ್ರೌಸ್. ಇಬ್ಬರ ಮನೆತನದ ಹೆಸರು ಒಂದೇ ಆದರೂ ಅವರು ಬಂಧುಗಳಲ್ಲ.

ಆ ಮಹಾಘೋಷವನ್ನು ಕುರಿತು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ. ಬನಶಂಕರಿಯ ಎರಡನೆಯ ಹಂತದಲ್ಲಿರುವ ನಮ್ಮ ಸಹೋದ್ಯೋಗಿಗಳೊಬ್ಬರ ಮನೆಯಲ್ಲಿ ಒಮ್ಮೆ ಈ ಚಿತ್ರವನ್ನು ನೋಡಲು ಕೆಲವರು ಸೇರಿದ್ದೆವು. ಜಯನಗರದಿಂದಲೂ ಜೆ. ಪಿ. ನಗರದಿಂದಲೂ ಬಂದಿದ್ದ ನಮ್ಮ ವಿದ್ಯಾರ್ಥಿಗಳ ಜೊತೆಗೆ, ಅದೇ ಬೀದಿಯ ವೈಣಿಕರೊಬ್ಬರೂ ಕೇವಲ ದಾಕ್ಷಿಣ್ಯಕ್ಕೆಂದು ಬಂದು ಹಿಂದಿನ ಕುರ್ಚಿಯಲ್ಲಿ ಕುಳಿತಿದ್ದರು. ಭೂಮಿಯ ಬೆನ್ನ ಮೇಲೆ ಸೂರ್ಯನು ಮೂಡಿ ಕಹಳೆಗಳು ಎದ್ದೊಡನೆಯೇ ಅವರು, “ಅಯ್ಯಾ, ಇದು ತಂಬೂರಿಯಲ್ಲವೇನಯ್ಯಾ!” ಎಂದುಬಿಟ್ಟರು. ಹುಡುಗರು ನಕ್ಕರು. ಆದರೆ ಆ ಮಾತಿನಲ್ಲಿ ಎಳ್ಳಷ್ಟೂ ತಪ್ಪಿಲ್ಲ.

ಮೊದಲು ಬಹಳ ಕೆಳಗಿನ ಒಂದೇ ಷಡ್ಜ. ದೊಡ್ಡ ಪಿಟೀಲುಗಳು, ಮಂದ್ರದ ಊದುವಾದ್ಯ, ಇಗರ್ಜಿಗಳಲ್ಲಿರುವಂಥ ಆರ್ಗನ್, ಇವು ಸೇರಿ ಹಿಡಿದ ಆ ಶ್ರುತಿ ಕಿವಿಗೆ ಕೇಳುವುದಕ್ಕಿಂತ ನೆಲದ ಅದಿರಾಟದಂತೆ ಮೈಗೆ ತಾಕುತ್ತದೆ. ಅದರ ಮೇಲೆ ನಾಲ್ಕು ಕಹಳೆಗಳು ಏಳುತ್ತವೆ: ಷಡ್ಜ, ಪಂಚಮ, ತಾರಷಡ್ಜ. ಮತ್ತೇನೂ ಇಲ್ಲ. ಎಳೆಯ ಮಗುವಿಗೆ ಸಂಗೀತ ಹೇಳಿಕೊಡುವವರು ಮೊದಲ ದಿನ ಹಿಡಿಸುವ ಸ್ವರಗಳೇ ಇವು. ಇದು ಯಾವ ರಾಗವೆಂದು ಆಗ ಹೇಳುವಂತಿಲ್ಲ. ಏಕೆಂದರೆ ರಾಗದ ಬಣ್ಣವನ್ನು ತೋರಿಸಬೇಕಾದ ಗಾಂಧಾರವೇ ಇನ್ನೂ ಬಂದಿಲ್ಲ. ಆ ಬಳಿಕ ಇಡೀ ಮೇಳವು ಒಟ್ಟಿಗೆ ಗಾಂಧಾರವನ್ನು ಘೋಷಿಸುತ್ತದೆ. ಮೊದಲ ಸಲ ಅಂತರಗಾಂಧಾರವು ಮಿಂಚಿದಂತೆ ಮಾಡಿ, ಮರುಕ್ಷಣವೇ ಸಾಧಾರಣಗಾಂಧಾರಕ್ಕೆ ಇಳಿಯುತ್ತದೆ. ಬೆಳಕು ಬಂತೆನ್ನುವಾಗಲೇ ಮೋಡ ಮುಚ್ಚಿದಂತೆ. ಎರಡನೆಯ ಸಲ ಕ್ರಮವು ತಿರುಗುಮುರುಗು. ಮೋಡ ಮೊದಲು, ಬೆಳಕು ಆಮೇಲೆ. ನಡುನಡುವೆ ನಗಾರಿಗಳು ಷಡ್ಜಪಂಚಮಗಳನ್ನೇ ಬಡಿಯುತ್ತವೆ. ಮೂರನೆಯ ಸಲ ಸ್ವರವು ಇಳಿಯದೆ ಮೇಲಕ್ಕೇ ಏರಿ, ನೂರು ವಾದ್ಯಗಳ ತುಂಬುನಾದವಾಗಿ ಹರಡುತ್ತದೆ. ಉಳಿದವರೆಲ್ಲರೂ ನಿಲ್ಲಿಸಿದ ಮೇಲೂ ಆರ್ಗನ್ನಿನ ನಾದವೊಂದು ಉಳಿದಿರುತ್ತದೆ. ಇಷ್ಟಕ್ಕೆ ಹಿಡಿಯುವ ಕಾಲ ಒಂದೂವರೆ ನಿಮಿಷವಿದ್ದೀತು.

ಚಿತ್ರದಲ್ಲಿ ಇದು ಮೂರು ಸಲ ಬರುತ್ತದೆ: ಆರಂಭದಲ್ಲಿ, ವಾನರನು ಮೂಳೆಯನ್ನು ಎತ್ತಿದಾಗ, ಕಡೆಯಲ್ಲಿ ಶಿಶುವು ಕಣ್ಣು ತೆರೆದಾಗ. ಲೋಕವು ಕೇಳಿರುವುದೂ ಇಷ್ಟನ್ನೇ. ಆದರೆ ನೀತ್ಸೆಯ ಗ್ರಂಥದ ಹೆಸರನ್ನೇ ಹೊತ್ತ ಸ್ಟ್ರೌಸನ ಆ ಕೃತಿಯು ಅರ್ಧ ಗಂಟೆಗೂ ಮಿಕ್ಕಿದ್ದು. ಈ ಸೂರ್ಯೋದಯವು ಅದಕ್ಕೆ ಬಾಗಿಲು ಮಾತ್ರ. ಅದರ ಮುಕ್ತಾಯದಲ್ಲಿ ಮೇಲಿನ ವಾದ್ಯಗಳು ನಿಷಾದವನ್ನೇ ನೆಲೆಯಾಗಿ ಹಿಡಿದು ಮೆಲ್ಲಗೆ ಹಾಡುತ್ತಿರುವಾಗ ಕೆಳಗಿನ ತಂತಿಗಳು ಹಳೆಯ ಷಡ್ಜವನ್ನೇ ಮೀಟುತ್ತವೆ. ಒಂದಕ್ಕೊಂದು ಒಪ್ಪುವುದಿಲ್ಲ. ಮಾನವನಿಗೂ ಪ್ರಕೃತಿಗೂ ನಡುವಣ ತೊಡಕು ಬಿಡಿಸಲಿಲ್ಲವೆಂದೇ ಹಾಗೆ ನಿಲ್ಲಿಸಿದಂತಿದೆ. ಗೆಲವಿನ ಕಹಳೆಯೆಂದು ಜನ ತಿಳಿದಿರುವ ಕೃತಿಯ ಕೊನೆ ಹೀಗಿರುವುದನ್ನು ಬಹುಮಂದಿ ಅರಿಯರು.

ಚಿತ್ರ ಮುಗಿದಾಗ ಹುಡುಗರಲ್ಲೊಬ್ಬನು ಕೇಳಿದನು: “ಇದನ್ನು ಈ ಚಿತ್ರಕ್ಕೆಂದೇ ಬರೆದದ್ದಲ್ಲವೆ?” ಈ ಪ್ರಶ್ನೆಯು ಸಹಜವಾದದ್ದು, ಅದರ ಹಿಂದೆ ಮರುಕ ಹುಟ್ಟಿಸುವ ಕಥೆಯೂ ಇದೆ. ಚಿತ್ರಕ್ಕೆಂದೇ ಬರೆದ ಸಂಗೀತ ಬೇರೆ ಇತ್ತು. ಅದನ್ನು ಬರೆದವನು ಅಮೆರಿಕದ ಅಲೆಕ್ಸ್ ನಾರ್ತ್. ೧೯೬೦ರ ‘ಸ್ಪಾರ್ಟಕಸ್’ ಚಿತ್ರದಲ್ಲಿ ಕುಬ್ರಿಕ್‌ನ ಜೊತೆ ಕೆಲಸ ಮಾಡಿ ಹೆಸರು ಪಡೆದಿದ್ದವನು. ಕುಬ್ರಿಕ್ ತಾತ್ಕಾಲಿಕವಾಗಿ ಚಿತ್ರಕ್ಕೆ ಹಳೆಯ ಧ್ವನಿಮುದ್ರಿಕೆಗಳನ್ನು ಜೋಡಿಸಿಕೊಂಡಿದ್ದನು. ಆ ಜಾಗಗಳಿಗೆ ಹೊಸದನ್ನು ಬರೆಯುವುದು ನಾರ್ತನ ಕೆಲಸ. ಆತನು ಹಗಲಿರುಳು ಬರೆದು ದೇಹವನ್ನು ಕೆಡಿಸಿಕೊಂಡನು. ೧೯೬೮ರ ಜನವರಿಯಲ್ಲಿ ಲಂಡನ್ನಿನಲ್ಲಿ ಮುದ್ರಣವಾಗುವಾಗ ಅವನನ್ನು ರೋಗಿಗಳ ಗಾಡಿಯಲ್ಲಿ ಕರೆತರಬೇಕಾಯಿತು. ಮೇಳವನ್ನು ನಡೆಸಿದವನು ಹೆನ್ರಿ ಬ್ರ್ಯಾಂಟ್. ನಲವತ್ತು ನಿಮಿಷಗಳಷ್ಟು ಸಂಗೀತ ಸಿದ್ಧವಾಯಿತು. ನ್ಯೂಯಾರ್ಕಿನಲ್ಲಿ ಚಿತ್ರವನ್ನು ತೋರಿಸಿದಾಗ ನಾರ್ತ್ ಹೋಗಿ ಕುಳಿತನು. ತನ್ನದೊಂದು ಸ್ವರವೂ ಅದರಲ್ಲಿ ಇಲ್ಲವೆಂಬುದು ಅವನಿಗೆ ತಿಳಿದದ್ದು ಅಲ್ಲಿಯೇ. ಯಾರೂ ಮೊದಲೇ ಒಂದು ಮಾತು ಹೇಳಿರಲಿಲ್ಲ. ೧೯೯೧ರಲ್ಲಿ ನಾರ್ತ್ ತೀರಿಕೊಂಡನು. ೧೯೯೩ರಲ್ಲಿ ಅವನ ಗೆಳೆಯ ಜೆರ್ರಿ ಗೋಲ್ಡ್‌ಸ್ಮಿತ್ ಆ ಕೃತಿಯನ್ನು ಲಂಡನ್ನಿನಲ್ಲಿ ನುಡಿಸಿ ಪ್ರಕಟಪಡಿಸಿದನು. ನಾವು ಅದನ್ನು ಕೇಳಿದ್ದೇವೆ. ಬಹು ಗಂಭೀರವಾದ ಕೃತಿ. ಆದರೂ ಮನಸ್ಸಿಟ್ಟು ವಿಚಾರಿಸಿದರೆ ಕುಬ್ರಿಕ್‌ನ ಆಯ್ಕೆಯೇ ಸರಿಯೆನ್ನಬೇಕು. ನಾರ್ತನ ಸಂಗೀತವು ಚಿತ್ರವನ್ನು ಹಿಂಬಾಲಿಸುತ್ತದೆ. ಸ್ಟ್ರೌಸನದು ಚಿತ್ರಕ್ಕೆ ಎದುರಾಗಿ ನಿಂತು ಅದಕ್ಕೆ ಸಮನಾಗುತ್ತದೆ. ಆಯ್ಕೆಯು ಸರಿ, ನಡತೆ ಸರಿಯಲ್ಲ. ಇವೆರಡನ್ನೂ ಒಂದೇ ಉಸಿರಿನಲ್ಲಿ ಹೇಳಬಹುದೆಂದು ನಮ್ಮ ನಂಬಿಕೆ.

ನಾರ್ತನೊಬ್ಬನಿಗೇ ಹೀಗಾಯಿತೆಂದಲ್ಲ. ಹಂಗರಿ ದೇಶದಿಂದ ಬಂದ ಲಿಗೆಟಿಯೆಂಬ ರಚನಕಾರನು ಆಗ ಬದುಕಿದ್ದನು. ಅವನ ನಾಲ್ಕು ಕೃತಿಗಳು ಚಿತ್ರದಲ್ಲಿವೆ. ಒಂದನ್ನು ಯಂತ್ರದಿಂದ ಮಾರ್ಪಡಿಸಿಯೂ ಇದ್ದರು. ಅದಕ್ಕೆ ಅವನ ಒಪ್ಪಿಗೆಯನ್ನೇ ಕೇಳಿರಲಿಲ್ಲ. ಇನ್ನು ಆ ಮಹಾಘೋಷವನ್ನು ನುಡಿಸಿದವರಾರು? ವಿಯೆನ್ನಾದ ಫಿಲ್‌ಹಾರ್ಮೋನಿಕ್ ಮೇಳ. ನಡೆಸಿದವನು ಹೆರ್ಬರ್ಟ್ ಫಾನ್ ಕಾರಾಯಾನ್. ಚಿತ್ರದ ನಾಮಾವಳಿಯಲ್ಲಿ ಆ ಕೃತಿಗೆ ಸ್ಟ್ರೌಸನ ಹೆಸರುಂಟು, ನುಡಿಸಿದವರ ಹೆಸರಿಲ್ಲ. ಚಿತ್ರದ ಸಂಗೀತವೆಂದು ಅಂಗಡಿಗೆ ಬಂದ ತಟ್ಟೆಯಲ್ಲಿ ಈ ಭಾಗಕ್ಕೆ ಬೇರೊಬ್ಬನು, ಕಾರ್ಲ್ ಬ್ಯೋಮ್ ಎಂಬವನು, ಬರ್ಲಿನ್ ಮೇಳದಿಂದ ನುಡಿಸಿದ ಮುದ್ರಿಕೆಯನ್ನು ಸೇರಿಸಿದರು. ಹೀಗಾಗಿ ಎಷ್ಟೋ ಮಂದಿ ತಾವು ಕೇಳಿದವನನ್ನು ಬಿಟ್ಟು ಕೇಳದವನನ್ನು ಹೊಗಳಿದರು.

ರಿಚರ್ಡ್ ಸ್ಟ್ರೌಸ್, ಕಾರಾಯಾನ್, ಈ ಎರಡು ಹೆಸರುಗಳನ್ನು ಕೇಳಿದ ಕೂಡಲೆ ಮೈಸೂರು ಸೀಮೆಯವರಾದ ನಮಗೆ ನೆನಪಾಗತಕ್ಕ ಇನ್ನೊಂದು ಹೆಸರುಂಟು. ಇಬ್ಬರ ಕಥೆಯಲ್ಲಿಯೂ ಮೈಸೂರಿನ ಹಣ ಸೇರಿದೆ.

ಎರಡನೆಯ ಮಹಾಯುದ್ಧ ಮುಗಿದ ೧೯೪೫ರಲ್ಲಿಯೇ ವಾಲ್ಟರ್ ಲೆಗ್ ಎಂಬಾತನು ಲಂಡನ್ನಿನಲ್ಲಿ ಫಿಲ್‌ಹಾರ್ಮೋನಿಯಾ ಎಂಬ ವಾದ್ಯಮೇಳವನ್ನು ಕಟ್ಟಿದನು. ವಾದ್ಯಮೇಳವೆಂದರೆ ಎಂಬತ್ತು ನೂರು ಮಂದಿಯ ಸಂಸಾರ. ತಿಂಗಳು ತಿಂಗಳಿಗೆ ಅಷ್ಟು ಮನೆಗಳಲ್ಲಿ ಒಲೆ ಹೊತ್ತಬೇಕು. ಗ್ರಾಮಫೋನು ತಟ್ಟೆಗಳ ವರಮಾನವೊಂದರಿಂದಲೇ ಅದು ನಡೆಯುವಂತಿರಲಿಲ್ಲ. ಆಗ ಕೈಹಿಡಿದವರು ಮೈಸೂರಿನ ಮಹಾರಾಜ ಶ್ರೀ ಜಯಚಾಮರಾಜ ಒಡೆಯರವರು. ೧೯೪೦ರಲ್ಲಿ ಪಟ್ಟಕ್ಕೆ ಬಂದಾಗ ಅವರಿಗೆ ಇಪ್ಪತ್ತೊಂದು ವರ್ಷ. ಪಿಯಾನೊ ವಾದನದಲ್ಲಿ ನುರಿತವರು. ಅರಮನೆಯಲ್ಲಿ ಅವರು ಕೂಡಿಸಿದ್ದ ಧ್ವನಿಮುದ್ರಿಕೆಗಳ ಸಂಖ್ಯೆಯೇ ಇಪ್ಪತ್ತು ಸಾವಿರವೆಂದು ಅಂದಾಜು. ರಷ್ಯಾ ಬಿಟ್ಟು ಬಂದು ಲಂಡನ್ನಿನಲ್ಲಿ ಬಡತನದಲ್ಲಿದ್ದ ನಿಕೊಲಾಯ್ ಮೆಟ್ನರ್ ಎಂಬ ರಚನಕಾರನ ಕೃತಿಗಳು ಉಳಿಯಬೇಕೆಂದು ಅವರೇ ಖರ್ಚು ವಹಿಸಿ ಮುದ್ರಿಸಿದರು. ಅವನ ಪಿಯಾನೊ ಕೃತಿಗಳಲ್ಲಿ ದೊಡ್ಡವಾದ ಮೂರನ್ನು ಅವನೊಡನೆ ನುಡಿಸಿದ್ದು ಈ ಫಿಲ್‌ಹಾರ್ಮೋನಿಯಾ ಮೇಳವೇ. ಮೂರನೆಯದನ್ನು ಮೆಟ್ನರ್ ಮಹಾರಾಜರಿಗೆ ಅರ್ಪಿಸಿದನು. ೧೯೪೯ರಲ್ಲಿ ಲೆಗ್ ಮೈಸೂರಿಗೇ ಬಂದನು. ಮೂರು ವರ್ಷಗಳವರೆಗೆ ವರ್ಷಕ್ಕೆ ಹತ್ತು ಸಾವಿರ ಪೌಂಡುಗಳನ್ನು ಕೊಡಲು ಮಹಾರಾಜರು ಒಪ್ಪಿದರು. ಆಗಿನ ವಿನಿಮಯದಲ್ಲಿ ಒಂದು ಲಕ್ಷದ ಮೂವತ್ತಮೂರು ಸಾವಿರ ರೂಪಾಯಿ. ಯುದ್ಧದ ಬಳಿಕ ಹೊಸದಾಗಿ ಬಾಳನ್ನು ಕಟ್ಟಿಕೊಳ್ಳುತ್ತಿದ್ದ ಕಾರಾಯಾನನು ಅದೇ ವರ್ಷ ಈ ಮೇಳದಿಂದ ಬಲಾಕಿರೆವ್, ರೂಸೆಲ್ ಮೊದಲಾದವರ ಅಪರೂಪದ ಕೃತಿಗಳನ್ನು ಮುದ್ರಿಸಿದುದು ಈ ನೆರವಿನಿಂದಲೇ.

ಸ್ಟ್ರೌಸನ ಕಥೆ ಇನ್ನೂ ಹೃದಯಸ್ಪರ್ಶಿಯಾದದ್ದು. ‘ಸೂರ್ಯೋದಯ’ವನ್ನು ಬರೆದಾಗ ಮೂವತ್ತೆರಡು ವರ್ಷದವನಾಗಿದ್ದ ಆತನು ೧೯೪೮ರಲ್ಲಿ ಎಂಬತ್ತನಾಲ್ಕರ ಮುದುಕ. ತಾನು ಕೃತಿಗಳನ್ನು ನುಡಿಸಿದ ರಂಗಮಂದಿರಗಳು ಬಾಂಬಿಗೆ ಸಿಕ್ಕಿ ನೆಲಸಮವಾಗಿದ್ದವು. ಹಿಟ್ಲರನ ಸರ್ಕಾರದಲ್ಲಿ ೧೯೩೩ರಿಂದ ಎರಡು ವರ್ಷ ಸಂಗೀತ ಮಂಡಲಿಯ ಅಧ್ಯಕ್ಷನಾಗಿದ್ದ ಕಳಂಕವೂ ಅವನ ಮೇಲಿತ್ತು. ಕಾರಾಯಾನನಾದರೋ ಆ ಪಕ್ಷದ ಸದಸ್ಯನೇ ಆಗಿದ್ದವನು. ಕಲೆಯು ದೊಡ್ಡದಾದ ಮಾತ್ರಕ್ಕೆ ಇದನ್ನು ಮರೆಮಾಚಬೇಕಾಗಿಲ್ಲ. ಆ ವರ್ಷ ಸ್ಟ್ರೌಸನು ಹೆಣ್ಣುಕಂಠಕ್ಕೂ ವಾದ್ಯಮೇಳಕ್ಕೂ ನಾಲ್ಕು ಹಾಡುಗಳನ್ನು ರಚಿಸಿದನು. ಅವುಗಳಲ್ಲಿ ಒಂದರ ವಸ್ತು ಸೂರ್ಯಾಸ್ತ: ವೃದ್ಧ ದಂಪತಿಗಳು ಕೈ ಕೈ ಹಿಡಿದು ಬಹುದೂರ ನಡೆದು ಬಂದು ಸಂಜೆಗೆಂಪಿನ ಮುಂದೆ ನಿಂತಿದ್ದಾರೆ, ಎರಡು ಬಾನಾಡಿಗಳು ಮೇಲೇರುತ್ತವೆ, ಇದೇ ಮರಣವೇನೋ ಎಂದು ಅವರಿಗೆ ಅನ್ನಿಸುತ್ತದೆ. ಅದನ್ನು ಹಾಡುವವಳು ನಾರ್ವೆಯ ಕಿರ್ಸ್ಟನ್ ಫ್ಲಾಗ್‌ಸ್ಟಾಡ್ ಆಗಬೇಕೆಂದು ಅವನ ಆಸೆ. ೧೯೪೯ರ ಸೆಪ್ಟೆಂಬರ್ ೮ರಂದು ಆತನು ತೀರಿಹೋದನು. ಹಾಡುಗಳನ್ನು ಕೇಳುವ ಭಾಗ್ಯ ಅವನಿಗಿರಲಿಲ್ಲ.

೧೯೫೦ನೆಯ ಇಸವಿ ಮೇ ೨೨ರಂದು ಲಂಡನ್ನಿನ ಆಲ್ಬರ್ಟ್ ಸಭಾಭವನದಲ್ಲಿ ಫ್ಲಾಗ್‌ಸ್ಟಾಡ್ ಅವುಗಳನ್ನು ಮೊದಲ ಬಾರಿಗೆ ಹಾಡಿದಳು. ಮೇಳ ಫಿಲ್‌ಹಾರ್ಮೋನಿಯಾ, ನಡೆಸಿದವನು ಫುರ್ಟ್‌ವೆಂಗ್ಲರ್. ಕಚೇರಿಯ ಖರ್ಚಿಗೆ ೪,೮೦೦ ಡಾಲರುಗಳ ಹೊಣೆಯನ್ನು ಹೊತ್ತವರು ನಮ್ಮ ಮಹಾರಾಜರು. ಅವರು ಸಭೆಯಲ್ಲಿರಲಿಲ್ಲ. ಹಾಡುಗಳನ್ನು ತಟ್ಟೆಗಳ ಮೇಲೆ ಮುದ್ರಿಸಿ ಮೈಸೂರಿಗೆ ಕಳುಹಿಸಿಕೊಟ್ಟರೆ ಸಾಕೆಂಬುದು ಅವರ ಬಯಕೆ.

ಇಲ್ಲಿ ಒಂದು ಆಕ್ಷೇಪ ಬರುವುದು ನ್ಯಾಯವೇ. ನಮ್ಮ ರೈತನು ತೆತ್ತ ಕಂದಾಯದಿಂದ ಬೆಳೆದ ಅರಮನೆಯ ಐಶ್ವರ್ಯವನ್ನು ಸಮುದ್ರದಾಚೆಯ ಪಿಟೀಲುಗಾರರಿಗೆ ಸುರಿಯಬಹುದೆ? ನಮ್ಮ ವಿದ್ಯಾರ್ಥಿಗಳು ಇದನ್ನು ಬಿರುಸಾಗಿಯೇ ಕೇಳುತ್ತಾರೆ, ಕೇಳಬೇಕಾದದ್ದೂ ಹೌದು. ನಮಗೂ ಇದರಲ್ಲಿ ಎರಡು ಮನಸ್ಸು. ಆ ಲಕ್ಷದ ಮೂವತ್ತಮೂರು ಸಾವಿರದಲ್ಲಿ ಎಷ್ಟು ಹಳ್ಳಿಗಳಿಗೆ ಶಾಲೆಯಾಗುತ್ತಿತ್ತೆಂದು ಲೆಕ್ಕ ಹಾಕುವುದು ಕಷ್ಟವಲ್ಲ. ಆದರೆ ಅದೇ ದೊರೆಗಳು ನಮ್ಮ ಸಂಗೀತವನ್ನು ಕೈಬಿಟ್ಟು ಪರದೇಶದ್ದಕ್ಕೆ ಮರುಳಾದವರೂ ಅಲ್ಲ. ಶ್ರೀವಿದ್ಯೆಯ ಅಂಕಿತದಲ್ಲಿ ತೊಂಬತ್ತನಾಲ್ಕು ಕರ್ಣಾಟಕ ಕೀರ್ತನೆಗಳನ್ನು ತಾವೇ ರಚಿಸಿದ ವಾಗ್ಗೇಯಕಾರರು. ಇನ್ನೊಂದು ಮಾತು. ಮೆಟ್ನರನಿಗೆ ಆಗ ಗಿರಾಕಿಗಳಿರಲಿಲ್ಲ. ಸ್ಟ್ರೌಸನ ಹಾಡುಗಳನ್ನು ಯಾರೂ ಕೇಳಿರಲಿಲ್ಲ. ಗೆಲ್ಲುವ ಕುದುರೆಯ ಮೇಲೆ ಕಟ್ಟಿದ ಪಣವಲ್ಲ ಅದು. ಸಂಗೀತವನ್ನು ಬರೆಯಿಸಿ, ನುಡಿಸಿ, ಹೆಸರನ್ನು ಬಿಟ್ಟುಬಿಡುವ ವ್ಯಾಪಾರದ ಪಕ್ಕದಲ್ಲಿ ಇದನ್ನಿಟ್ಟು ನೋಡಿದಾಗ, ನುಡಿಸುವವನ ಕೂಲಿಯನ್ನು ಕೊಟ್ಟು, ಬರೆದವನ ಹೆಸರನ್ನು ಉಳಿಸಿ, ತನಗೆ ಒಂದು ಪ್ರತಿಯಷ್ಟೇ ಸಾಕೆಂದವರ ಕಡೆಗೆ ನಮ್ಮ ತಕ್ಕಡಿ ಸ್ವಲ್ಪ ವಾಲುತ್ತದೆ.

ಸ್ಟ್ರೌಸನು ಸೂರ್ಯಾಸ್ತದ ಹಾಡನ್ನು ಬರೆದ ೧೯೪೮ರಲ್ಲಿಯೇ ಬೆಂಗಳೂರಿನ ಲಾಲ್‌ಬಾಗಿನ ದಕ್ಷಿಣಕ್ಕಿದ್ದ ಹೊಲಗಳಲ್ಲಿ ಹೊಸ ಬಡಾವಣೆಯೊಂದಕ್ಕೆ ಅಡಿಪಾಯವಾಯಿತು. ಅದರ ನೆನಪಿಗೆ ನಿಂತ ಅಶೋಕಸ್ತಂಭವನ್ನು ಆಗಿನ ಗವರ್ನರ್ ಜನರಲ್ ರಾಜಗೋಪಾಲಾಚಾರ್ಯರು ಅನಾವರಣ ಮಾಡಿದರು. ಜಯನಗರವೆಂಬ ಹೆಸರು ಜಯಚಾಮರಾಜರಿಂದ ಬಂದದ್ದೆಂದು ಹಿರಿಯರು ಹೇಳುವರು. ಆ ಸ್ತಂಭದ ಸುತ್ತ ದಿನಕ್ಕೆ ಸಾವಿರಾರು ವಾಹನಗಳು ಸುತ್ತುತ್ತವೆ. ಸುತ್ತುವವರಲ್ಲಿ ಎಷ್ಟೋ ಮಂದಿಯ ಕೈಯಂತ್ರದಲ್ಲಿ ಆ ಕಹಳೆಯ ಮೂರು ಸ್ವರಗಳು ಹಾಸ್ಯಕ್ಕೋ ಜಾಹೀರಾತಿಗೋ ಮೊಳಗುವುದುಂಟು. ತಮ್ಮ ಬಡಾವಣೆಗೆ ಹೆಸರು ಕೊಟ್ಟವರಿಗೂ ಆ ಸ್ವರಗಳನ್ನು ಬರೆದವನ ಕೊನೆಯ ಹಾಡುಗಳಿಗೂ ಇದ್ದ ನಂಟು ಅವರ ಕಿವಿಗೆ ಬಿದ್ದಿಲ್ಲ. ಪಠ್ಯಪುಸ್ತಕದಲ್ಲಿ ಅದಕ್ಕೆ ಒಂದು ಸಾಲಿನ ಜಾಗವಾದರೂ ಸಿಕ್ಕಬಹುದಾಗಿತ್ತು.

ಮೇ ೨೨ರ ಆ ಕಚೇರಿಯ ಮುದ್ರಿಕೆ ಉಳಿದುಬಂದು ಈಗ ಪ್ರಕಟವಾಗಿದೆ. ಧ್ವನಿ ಮಸಕು, ತಟ್ಟೆಯ ಕರಕರ ಶಬ್ದವನ್ನು ಸಹಿಸಬೇಕು. ಕೇಳಬೇಕೆನ್ನುವವರು ಮೊದಲು ೧೮೯೬ರ ಸೂರ್ಯೋದಯವನ್ನು, ಚಿತ್ರವಿಲ್ಲದೆ, ಕಣ್ಣು ಮುಚ್ಚಿ ಕೇಳಲಿ. ಬಳಿಕ ಮೈಸೂರಿಗೆಂದು ಮುದ್ರಿಸಿದ ಆ ಸೂರ್ಯಾಸ್ತವನ್ನು ಹಚ್ಚಲಿ. ಎರಡೂ ಸೇರಿ ಹತ್ತು ನಿಮಿಷದ ಕೆಲಸ.